ಟೊಮೆಟೊ ಸಸಿ ನೆಟ್ಟ ಭಾನುವಾರ

ಭಾನುವಾರ ಎದ್ದವಳೇ ಮೊದಲು ಹೋಗಿ ನೋಡಿದ್ದು ಟೊಮೆಟೊ ಸಸಿಗಳನ್ನು. ಒಟ್ಟು 12. ವಸಂತ ಮುಗಿಯುತ್ತಾ ಬಂದಿತ್ತು, ರಾತ್ರಿಯ ಚಳಿಯೂ ಹೋಗಿತ್ತು. ಇನ್ನು ತಡ ಮಾಡುವ ಹಾಗಿರಲಿಲ್ಲ.

ಹೋದ ವರ್ಷ ಅವಸರ ಮಾಡಿದ್ದೆ. ಕಿಟಕಿ ಪಕ್ಕ ಬೆಳೆದ ಸಸಿಗಳನ್ನು ಒಂದೇ ಸಲಕ್ಕೆ ಬಿಸಿಲಿಗೆ ತಂದು ನೆಟ್ಟುಬಿಟ್ಟೆ. ಮೂರೇ ದಿನದಲ್ಲಿ ಎಲೆಗಳು ಕಾಗದದ ಹಾಗೆ ಬೆಳ್ಳಗಾದವು. ನೀರು ಸಾಲಲಿಲ್ಲವೇನೋ ಅಂತ ಇನ್ನಷ್ಟು ಹುಯ್ದೆ. ಅಷ್ಟೂ ಸತ್ತುಹೋದವು. ಬೀಜ ಹಾಕಿದ ದಿನದಿಂದ ಕಾದು ಬೆಳೆಸಿದ್ದು ಅಲ್ವಾ, ತುಂಬಾ ಸಂಕಟವಾಗಿತ್ತು.

ಈ ಸಲ ಸಸಿಗಳನ್ನು ಬಿಸಿಲು ಗಾಳಿಗೆ ಒಗ್ಗಿಸೋದನ್ನು 10 ದಿನ ಮೊದಲೇ ಶುರು ಮಾಡಿದೆ. ಮೊದಲ ದಿನ ನೆರಳಲ್ಲಿ ಒಂದು ಗಂಟೆ. ಆಮೇಲೆ ಎಳೆ ಬಿಸಿಲು, ದಿನಾ ಸ್ವಲ್ಪ ಜಾಸ್ತಿ. ಕೊನೆಯ ಎರಡು ರಾತ್ರಿ ಹೊರಗೇ ಬಿಟ್ಟೆ. ಗಾಳಿಗೆ ಅಲ್ಲಾಡಿ ಅಲ್ಲಾಡಿ ಕಾಂಡ ಗಟ್ಟಿಯಾಗಿತ್ತು.

ನೆಡೋದು ಸಂಜೆಗೆ. ಬೆಳಿಗ್ಗೆ ಕಳೆ ಕಿತ್ತೆ. ಹುರುಳಿಕಾಯಿ ಗಿಡದ ತುದಿಗೆ ಸಸ್ಯಹೇನು ಮುತ್ತಿದ್ದವು. ಅವುಗಳ ನಡುವೆ ಕಿತ್ತಳೆ ಚುಕ್ಕೆಯ ಒಂದು ಕಪ್ಪು ಹುಳ, ಪುಟ್ಟ ಮೊಸಳೆಯ ಹಾಗಿತ್ತು. ಗುಲಗಂಜಿ ಹುಳುವಿನ ಮರಿ ಅದು. ಹೇನು ತಿನ್ನೋದೇ ಅದರ ಕೆಲಸ. ಔಷಧಿ ಹೊಡೆಯದೆ ಸುಮ್ನೆ ಬಿಟ್ಟೆ.

ಬಿಸಿಲು ಇಳಿದ ಮೇಲೆ ಗುಂಡಿ ತೋಡಿದೆ. ಒಂದು ಸಸಿಯನ್ನು ಕುಂಡದಿಂದ ಬಿಡಿಸಿದಾಗ ಬುಡದಲ್ಲಿ ಸಣ್ಣ ಸಣ್ಣ ಬಿಳಿ ಗುಳ್ಳೆ ಕಂಡವು. ಮೊದಲೆಲ್ಲ ಇದು ರೋಗ ಅಂದುಕೊಳ್ಳುತ್ತಿದ್ದೆ. ಆದರೆ ಅವು ಬೇರಾಗಲು ಕಾದಿರುವ ಮೊಗ್ಗುಗಳು. ಎಷ್ಟೋ ಗಿಡಗಳ ಕಾಂಡ ಮಣ್ಣಲ್ಲಿ ಹೂತರೆ ಕೊಳೆಯುತ್ತದೆ. ಟೊಮೆಟೊ ಮಾತ್ರ ಹೂತ ಕಡೆಯೆಲ್ಲ ಬೇರು ಬಿಡುತ್ತದೆ. ಅದಕ್ಕೇ ಕೆಳಗಿನ ಎಲೆ ಚಿವುಟಿ, ಅರ್ಧಕ್ಕಿಂತ ಜಾಸ್ತಿ ಕಾಂಡವನ್ನು ಒಳಗಿಳಿಸಿದೆ. ಬೆರಳೆಲ್ಲ ಹಳದಿ ಹಸಿರು. ಆ ಘಾಟು ವಾಸನೆ ನನಗೆ ತುಂಬಾ ಇಷ್ಟ.

ಆಸರೆ ಕೋಲನ್ನೂ ಆಗಲೇ ನೆಟ್ಟೆ. ತಡವಾಗಿ ಚುಚ್ಚಿದರೆ ಬೇರಿಗೆ ಪೆಟ್ಟು. ಬುಡಕ್ಕೆ ತಾಗದ ಹಾಗೆ ಸುತ್ತ ಒಣ ಹುಲ್ಲು ಹರಡಿ ನೀರು ಕೊಟ್ಟೆ.

ಸೋಮವಾರ ಮಧ್ಯಾಹ್ನ ಎಲೆಗಳು ಜೋತುಬಿದ್ದಿದ್ದವು. ಎದೆ ಧಸಕ್ಕೆಂದಿತು. ನೀರಿನ ಕ್ಯಾನ್ ಕೈಗೂ ತಗೊಂಡೆ. ಆಮೇಲೆ ಮಣ್ಣಿಗೆ ಬೆರಳು ಚುಚ್ಚಿ ನೋಡಿದೆ. ತೇವ ಚೆನ್ನಾಗಿತ್ತು. ಕ್ಯಾನ್ ಕೆಳಗಿಟ್ಟೆ.

ಸಂಜೆ ಹೋಗಿ ನೋಡಿದರೆ ಹನ್ನೆರಡೂ ನೆಟ್ಟಗೆ ನಿಂತಿದ್ದವು.