ಬಿಡಿಬಿಡಿಯಲ್ಲಿ ತರಬೇತಿ ಮುಗಿದ ಮೇಲೆ

ನಿರಾಶ್ರಿತರ ಶಿಬಿರ ಎಂದರೆ ಊರಿನವರ ಕಣ್ಣಿಗೆ ಬೇಲಿಯೊಳಗಿನ ಟೆಂಟುಗಳೇ ಕಟ್ಟುತ್ತವೆ. ಉಗಾಂಡಾದ ಯುಂಬೆ ಜಿಲ್ಲೆಯ ಬಿಡಿಬಿಡಿ ಹಾಗಿಲ್ಲ. ದಕ್ಷಿಣ ಸುಡಾನ್‌ನ ಯುದ್ಧದಿಂದ ಓಡಿ ಬಂದವರಿಗಾಗಿ 2016ರ ಆಗಸ್ಟ್‌ನಲ್ಲಿ ಶುರುವಾದ ಈ ನೆಲೆಗೆ ಬೇಲಿಯೇ ಇಲ್ಲ. ನಿರಾಶ್ರಿತರು ಓಡಾಡಬಹುದು, ದುಡಿಯಬಹುದು, ಅಂಗಡಿ ಇಡಬಹುದು. ಉಗಾಂಡಾದ 2006ರ ನಿರಾಶ್ರಿತರ ಕಾಯ್ದೆಯೇ ಆ ಹಕ್ಕು ಕೊಟ್ಟಿದೆ. ಒಂದು ಕುಟುಂಬಕ್ಕೆ ಸಾಮಾನ್ಯವಾಗಿ 30 ಮೀಟರ್ ಉದ್ದ, 30 ಮೀಟರ್ ಅಗಲದ ಜಾಗ, ನಮ್ಮ ಲೆಕ್ಕದಲ್ಲಿ ಒಂಬತ್ತು ಗುಂಟೆಗೂ ಕೊಂಚ ಕಡಿಮೆ. ಮನೆ, ಕಕ್ಕಸು ಕಟ್ಟಿ ಉಳಿದ ಮಣ್ಣಿನಲ್ಲಿ ವರ್ಷದ ಊಟ ಬೆಳೆಯುವುದಿಲ್ಲ. 2020ರಿಂದ ರೇಷನ್ನಿಗೂ ಕತ್ತರಿ ಬಿದ್ದಿದೆ. ಹಾಗಾಗಿ ಇಲ್ಲಿ ಕೈಕಸುಬಿಗೆ ಇಷ್ಟು ಬೆಲೆ.

ಟೈಲರಿಂಗ್ ಕಲಿಸುವುದು ಎಲ್ಲರಿಗೂ ಸುಲಭ, ತೊಂದರೆ ಇರುವುದೂ ಅಲ್ಲೇ. ಒಂದೇ ಸಂತೆಯ ಸುತ್ತ ಮೂರು ತಂಡ ಕಲಿತು ಹೊರಬಿದ್ದರೆ ಹೊಲಿಸುವವರಿಗಿಂತ ಹೊಲಿಯುವವರೇ ಹೆಚ್ಚಾಗುತ್ತಾರೆ. ತರಗತಿ ತೆರೆಯುವ ಮೊದಲು ಸಂತೆಯ ದಿನ ಹೋಗಿ ಎಷ್ಟು ಮೆಷಿನ್ ಇವೆ, ಅದರಲ್ಲಿ ಎಷ್ಟು ಓಡುತ್ತಿವೆ ಎಂದು ಎಣಿಸಲೇಬೇಕು. ಮೂಲೆಗೆ ಸೇರಿದ ಮೆಷಿನ್ನುಗಳಿಗೆ ಹೆಚ್ಚಾಗಿ ದೊಡ್ಡ ರೋಗವೇನೂ ಇರುವುದಿಲ್ಲ: ಮೊಂಡಾದ ಸೂಜಿ, ಸಡಿಲವಾದ ಚರ್ಮದ ಬೆಲ್ಟು, ಅಡಿದಾರದ ಉರುಳೆ (ಬಾಬಿನ್) ಕೂರುವ, ಕಳೆದುಹೋದ ಕೇಸು. ಬಟ್ಟೆಯ ಅಡಿಯಲ್ಲಿ ದಾರ ಗಂಟುಗಟ್ಟಿದರೆ ಕಲಿಯುವವರು ಬಾಬಿನ್ ಬಿಚ್ಚುತ್ತಾರೆ. ತಪ್ಪು ಬಹುಪಾಲು ಮೇಲಿನ ದಾರದಲ್ಲಿರುತ್ತದೆ, ಅದು ದಾರವನ್ನು ಬಿಗಿಹಿಡಿಯುವ ಟೆನ್ಷನ್ ತಟ್ಟೆಗಳ ನಡುವೆ ಕೂತಿರುವುದಿಲ್ಲ. ಬಟ್ಟೆ ಒತ್ತಿಹಿಡಿಯುವ ಮೆಷಿನ್ನಿನ ಪಾದ ಎತ್ತಿಟ್ಟು ದಾರವನ್ನು ಮತ್ತೆ ಪೋಣಿಸಿದರೆ ಸಾಕು. ಇಷ್ಟು ರಿಪೇರಿ ಕಲಿಸದೆ ಮೆಷಿನ್ ಕೊಟ್ಟರೆ, ಮನೆಯಲ್ಲಿ ಜೋಳದ ಹಿಟ್ಟು ಮುಗಿದ ವಾರ ಅದು ಮಾರಾಟವಾಗುತ್ತದೆ. ಮಾರಿದವರನ್ನು ದೂರುವುದು ಅನ್ಯಾಯ.

ಕಡಿಮೆ ಬಂಡವಾಳದಲ್ಲಿ ಬೇಗ ಕೈಹಿಡಿಯುವುದು ಸಾಬೂನು. ತಾಳೆ ಎಣ್ಣೆ 1 ಕಿಲೋ, ಕಾಸ್ಟಿಕ್ ಸೋಡಾ 134 ಗ್ರಾಂ, ನೀರು 300 ಗ್ರಾಂ. ನೀರನ್ನೂ ತೂಕ ಮಾಡಿಯೇ ಹಾಕಬೇಕು. ಸೋಡಾವನ್ನು ನೀರಿಗೆ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ರಬ್ಬರ್ ಗ್ಲೌಸ್ ಇಲ್ಲದೆ ಶುರು ಮಾಡಕೂಡದು. ಅಲ್ಯುಮಿನಿಯಂ ಪಾತ್ರೆ ಬೇಡವೇ ಬೇಡ, ಸೋಡಾ ಅದನ್ನು ತಿಂದು ಉರಿಯುವ ಅನಿಲ ಬಿಡುತ್ತದೆ. ಎಣ್ಣೆ, ಸೋಡಾನೀರು ಎರಡೂ ಉಗುರುಬೆಚ್ಚಗಾದ ಮೇಲೆ ಬೆರೆಸಿ, ದೋಸೆ ಹಿಟ್ಟಿನ ಹದ ಬರುವವರೆಗೆ ಕಲಕಿ, ಅಚ್ಚಿಗೆ ಸುರಿಯುವುದು. ಮರುದಿನ, ಕೈಗೆ ಗ್ಲೌಸ್ ಹಾಕಿಕೊಂಡೇ, ಕತ್ತರಿಸಿ ನಾಲ್ಕು ವಾರ ನೆರಳಲ್ಲಿ ಒಣಗಿಸಬೇಕು. ಸಾಬೂನು ಗಟ್ಟಿಯಾಗದೆ ಜಿಡ್ಡುಜಿಡ್ಡಾದರೆ ಮೊದಲು ಸೋಡಾ ಡಬ್ಬಿಯನ್ನೇ ನೋಡಿ: ಮುಚ್ಚಳ ಸಡಿಲವಿದ್ದರೆ ಸೋಡಾ ಗಾಳಿಯ ತೇವ ಹೀರಿರುತ್ತದೆ, ತೂಕ ಅಷ್ಟೇ ಇದ್ದರೂ ಕಸುವು ಇರುವುದಿಲ್ಲ. ಆ ನಾಲ್ಕು ವಾರ ಕಾಯುವ ತಾಳ್ಮೆ ಹಸಿದ ಮನೆಗೆ ಇರುವುದಿಲ್ಲ. ಹಸಿ ಸಾಬೂನು ಮಾರಿ, ಗಿರಾಕಿಯ ಕೈ ಉರಿದು, ಅಲ್ಲಿಗೆ ಹೆಸರು ಕೆಡುತ್ತದೆ.

ಆ ನಾಲ್ಕು ವಾರ ದಾಟಿಸುವುದು ಉಳಿತಾಯದ ಪೆಟ್ಟಿಗೆ. ನಮ್ಮ ಸ್ತ್ರೀಶಕ್ತಿ ಸಂಘ ನೋಡಿದವರಿಗೆ ಇದು ಹೊಸದಲ್ಲ, ಆದರೆ ಇಲ್ಲಿ ಬ್ಯಾಂಕ್ ನಡುವೆ ಇಲ್ಲ. 15ರಿಂದ 25 ಜನ, ಮೂರು ಬೀಗದ ಒಂದು ಕಬ್ಬಿಣದ ಪೆಟ್ಟಿಗೆ. ಮೂರು ಬೀಗದ ಕೈ ಮೂವರ ಹತ್ತಿರ, ಪೆಟ್ಟಿಗೆ ನಾಲ್ಕನೆಯವರ ಮನೆಯಲ್ಲಿ. ಪ್ರತಿ ಸಭೆಯಲ್ಲಿ ಒಬ್ಬರು ಒಂದರಿಂದ ಐದು ಷೇರು, ಅಂದರೆ ಉಳಿತಾಯದ ಪಾಲು, ಕೊಳ್ಳಬಹುದು. ಷೇರಿಗೊಂದರಂತೆ ಪುಸ್ತಕದಲ್ಲಿ ಮುದ್ರೆ ಬೀಳುತ್ತದೆ, ಓದು ಬಾರದವರೂ ಎಣಿಸಿಕೊಳ್ಳುತ್ತಾರೆ. ಸಾಲ ಅವರವರ ಉಳಿತಾಯದ ಮೂರು ಪಟ್ಟನ್ನು ಮೀರದು. ವರ್ಷದ ಕೊನೆಗೆ ಎಲ್ಲರ ಎದುರು ಪೂರ್ತಿ ಹಣ ಹಂಚಿ ಪೆಟ್ಟಿಗೆ ಬರಿದು ಮಾಡುತ್ತಾರೆ. ಹಂಚುವ ದಿನ ಶಾಲೆ ತೆರೆಯುವ ಇಲ್ಲವೇ ಬಿತ್ತನೆಯ ಹೊತ್ತಿಗೆ ಬರುವಂತೆ ಮೊದಲ ಸಭೆಯಲ್ಲೇ ಗೊತ್ತು ಮಾಡಿಕೊಳ್ಳಬೇಕು.