ಆರಾಧನೆಯಲ್ಲಿ ಭಯಭಕ್ತಿ ಬರೋದು ಹೇಗೆ?

ನಾನು ಸಭೆಯಲ್ಲಿ, ಅಂದರೆ ಚರ್ಚ್‌ನಲ್ಲಿ, ಹಾಡಿಸುವವನು ಅಂತ ಗೊತ್ತಾದರೆ ಸಾಕು, ಜನ ಇದೊಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಹಾಡು ಚೆನ್ನಾಗಿರುತ್ತೆ, ಚಪ್ಪಾಳೆನೂ ಜೋರು. ಆದ್ರೆ ದೇವರ ಮುಂದೆ ನಿಂತಿದ್ದೀವಿ ಅನ್ನೋ ಭಯಭಕ್ತಿ ಬರಲ್ಲ, ಏನ್ ಮಾಡೋದು?" ಕೆಲವರದು ಉಲ್ಟಾ ಪ್ರಶ್ನೆ: ದೇವರು ತಂದೆ ಅಂದ ಮೇಲೆ ಭಯ ಯಾಕೆ?

ಎರಡನೆಯದನ್ನೇ ಮೊದಲು ತಗೊಳ್ತೀನಿ. ಕಡೇ ಊಟದ ದಿನ ಯೇಸುಸ್ವಾಮಿಯ ಎದೆಗೆ ಒರಗಿಕೊಂಡಿದ್ದ ಶಿಷ್ಯ ಯೋಹಾನ, ಬೈಬಲಿನ ಕಡೇ ಪುಸ್ತಕವಾದ ಪ್ರಕಟನೆ ಬರೆದವನೂ ಅವನೇ ಅನ್ನುವುದು ಸಭೆಯ ಹಳೆಯ ನಂಬಿಕೆ. ಪ್ರಕಟನೆಯ ಮೊದಲ ಅಧ್ಯಾಯದಲ್ಲಿ ಅವನು ಅದೇ ಸ್ವಾಮಿಯನ್ನು ಮಹಿಮೆಯಲ್ಲಿ ಕಂಡು, ಸತ್ತವನ ಹಾಗೆ ಅವರ ಕಾಲ ಬಳಿ ಬೀಳುತ್ತಾನೆ. ಅವರು ಬಲಗೈ ಇಟ್ಟು ಹೆದರಬೇಡ ಅನ್ನುತ್ತಾರೆ. ಎದೆಗೆ ಒರಗಿದವನ ಕಥೆಯೇ ಹೀಗೆ! ಏಟು ಬೀಳುತ್ತೆ ಅಂತ ನಡುಗುವ ಭಯ ನಮ್ಮನ್ನು ಓಡಿಸುತ್ತದೆ. ಈ ಭಯ ಬಂದರೆ ಅಲ್ಲಿಂದ ಏಳುವುದಕ್ಕೇ ಮನಸ್ಸು ಬರುವುದಿಲ್ಲ.

ಇನ್ನು ಮೊದಲನೇ ಪ್ರಶ್ನೆ. ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು. ಶುರುವಿನ ವರ್ಷಗಳಲ್ಲಿ ಹಾಡು ಮುಗಿದು ಪ್ರಾರ್ಥನೆ ಶುರುವಾಗುವ ನಡುವೆ ಐದು ಸೆಕೆಂಡ್ ಖಾಲಿ ಬಿದ್ದರೂ ನನ್ನ ಕೈ ತಾನಾಗಿಯೇ ಗಿಟಾರ್ ತಂತಿ ಮೇಲೆ ಹೋಗುತ್ತಿತ್ತು, ಯಾಕೆಂದರೆ ಸದ್ದು ನಿಂತರೆ ಯಾರೋ ಏನೋ ಮರೆತಿದ್ದಾರೆ ಅಂತ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ ಅನ್ನೋ ಹೆದರಿಕೆ. ಒಂದು ಭಾನುವಾರ ಕರ್ತನ ಭೋಜನದ, ಅಂದರೆ ಯೇಸುವಿನ ಕಡೇ ಊಟದ ನೆನಪಿಗೆ ರೊಟ್ಟಿ ಮುರಿದು ಹಂಚುವ ಹೊತ್ತಿಗೆ ಸರಿಯಾಗಿ ತಂತಿ ಕಿತ್ತುಹೋಯಿತು. ಬೇರೆ ದಾರಿಯಿಲ್ಲದೆ ಗಿಟಾರ್ ಕೆಳಗಿಟ್ಟೆ. ಆಗ ರೊಟ್ಟಿ ಮುರಿಯುವ ಸದ್ದು ಕೇಳಿಸಿತು. ಚಿಕ್ಕ ಸದ್ದು, ಪಟ್ ಅಂತ. ಅಷ್ಟು ವರ್ಷ ಅಲ್ಲೇ ರೊಟ್ಟಿ ಮುರಿಯುತ್ತಿದ್ದರು, ನಾನು ಅದರ ಮೇಲೆ ಸುಮ್ನೆ ಬಾರಿಸುತ್ತಾ ಇದ್ದೆ.

ಸಂಗೀತದ ಮೇಲೆ ನನಗೆ ಸಿಟ್ಟಿಲ್ಲ. 150ನೇ ಕೀರ್ತನೆಯಲ್ಲಿ ತುತೂರಿ, ತಾಳ ಎಲ್ಲ ಇವೆಯಲ್ವಾ! ಆದರೆ ಪ್ರಕಟನೆ 8ನೇ ಅಧ್ಯಾಯದಲ್ಲಿ ಪರಲೋಕವೇ ಸುಮಾರು ಅರ್ಧ ಗಂಟೆ ನಿಶ್ಶಬ್ದವಾಗಿರುತ್ತದೆ. ನಮಗೆ ಅರ್ಧ ನಿಮಿಷವೇ ಜಾಸ್ತಿ.

ದೀಪ ಮಂಕು ಮಾಡಿದರೆ ಬರುವುದು ಬರೀ ಮೂಡ್. ಪ್ರವಾದಿ ಯೆಶಾಯ ದೇವರ ದರ್ಶನ ಕಂಡದ್ದನ್ನು ಹೇಳುವ ಯೆಶಾಯ 6ನೇ ಅಧ್ಯಾಯ ಓದಿ ನೋಡಿ. ದೇವರ ಸಿಂಹಾಸನದ ಬಳಿ ನಿಂತ ಸೆರಾಫಿಯರು ಅನ್ನೋ ದೂತರಿಗೆ ಆರಾರು ರೆಕ್ಕೆ. ಎರಡರಿಂದ ಮುಖ ಮುಚ್ಚಿಕೊಳ್ಳುತ್ತಾರೆ, ಎರಡರಿಂದ ಕಾಲು. ಹಾರಲು ಉಳಿಯುವುದು ಎರಡೇ! ಯೆಶಾಯನಿಗೆ ಅಲ್ಲಿ ಯಾರೂ ಭಕ್ತಿಯಿಂದಿರು ಅಂತ ಹೇಳಲಿಲ್ಲ, ಅವನು ಕಂಡ, ಅಷ್ಟೇ. ಕಂಡ ಕೂಡಲೇ ಅವನಿಗೆ ನೆನಪಾದದ್ದು ತನ್ನ ಹೊಲಸು ತುಟಿ. ಪ್ರವಾದಿಯ ಕಸುಬೆಲ್ಲ ಇರುವುದು ತುಟಿಯಲ್ಲೇ, ಬಲಿಪೀಠದ ಕೆಂಡ ಮುಟ್ಟಿಸಿದ್ದೂ ಅಲ್ಲಿಗೇ. ಹಾಡಿಸುವವನಾದ ನನಗೆ ಇದು ಪ್ರತಿ ಸಲ ಚುಚ್ಚುತ್ತದೆ.

ಹಾಗಾಗಿ ನಾನು ಭಯಭಕ್ತಿ ಹುಟ್ಟಿಸಲು ಹೋಗುವುದಿಲ್ಲ. ಮೊದಲ ಹಾಡಿಗೆ ಮುಂಚೆ ಇಂಥ ಒಂದು ಭಾಗವನ್ನು ಅವಸರವಿಲ್ಲದೆ ಓದುತ್ತೇನೆ, ಆಮೇಲೆ ಒಂದು ನಿಮಿಷ ಸುಮ್ಮನಿರುತ್ತೇವೆ. ಮೊದಲ ವಾರ ಮೈಕ್ ಕೆಟ್ಟಿತು ಅಂತ ಎಲ್ಲರೂ ಸೌಂಡ್ ನೋಡಿಕೊಳ್ಳುವ ಹುಡುಗನ ಕಡೆ ತಿರುಗಿದರು, ಪಾಪ ಅವನು ವೈರ್ ಅಲ್ಲಾಡಿಸಿದ. ಈಗ ಮೊದಲೇ ಹೇಳಿಬಿಡುತ್ತೇನೆ.