ಕಿರುಚಿತ್ರ: ಕಾಕ್‌ಪಿಟ್ ಧ್ವನಿ ಕೊನೆಗೂ ಸಿಕ್ಕಿತು

ಮೂರು ವಾರ ಸತಾಯಿಸಿದ ಧ್ವನಿ ನಿನ್ನೆ ರಾತ್ರಿ ಹಾದಿಗೆ ಬಂತು. ವಿಮಾನ ದುರಂತದ ತನಿಖೆಯ ಕಥೆಗೆ ಸೆಟ್ಟು, ಕಿತ್ತಳೆ ಬಣ್ಣದ ಬ್ಲ್ಯಾಕ್ ಬಾಕ್ಸು ಎಲ್ಲ ಸಿದ್ಧವಿತ್ತು. ಆದರೆ ಜೀವವಿರುವುದು ತನಿಖಾಧಿಕಾರಿ ಮತ್ತೆ ಮತ್ತೆ ಕೇಳುವ ಮೂವತ್ತು ಸೆಕೆಂಡಿನ ರೆಕಾರ್ಡಿಂಗಿನಲ್ಲಿ. ಅದು ಸುಳ್ಳೆನಿಸಿದರೆ ಸಿನಿಮಾವೇ ಸುಳ್ಳು.

ಮೊದಲು ಹಾಲ್‌ನಲ್ಲಿ ಹಾಸಿಗೆ ಒರಗಿಸಿ ಮಾಡಿದ ರೆಕಾರ್ಡಿಂಗ್ ಅಪ್ಪಟ ಬಾನುಲಿ ನಾಟಕವಾಗಿತ್ತು. ಎಲ್ಲವನ್ನೂ ಒಂದೇ ಟ್ರ್ಯಾಕಿಗೆ ತುಂಬಿದ್ದೇ ತಪ್ಪು. ನಿಜವಾದ ಕಾಕ್‌ಪಿಟ್ ರೆಕಾರ್ಡರಿನಲ್ಲಿ ನಾಲ್ಕು ಚಾನೆಲ್, ಅಂದರೆ ನಾಲ್ಕು ಬೇರೆ ಬೇರೆ ಟ್ರ್ಯಾಕ್. ಪೈಲಟ್‌ಗಳ ಹೆಡ್‌ಸೆಟ್ ಮೈಕಿಗೆ ಉಸಿರೂ ಕೇಳುತ್ತದೆ. ಇಡೀ ಕಾಕ್‌ಪಿಟ್‌ನ ಸದ್ದು ಹಿಡಿಯುವ ಏರಿಯಾ ಮೈಕಿಗೆ ಸ್ವಿಚ್ಚಿನ ಟಕ್ಕು, ಎಚ್ಚರಿಕೆಯ ಸದ್ದು, ಎಂಜಿನ್ ಮೊರೆತ. ಆ ಮೊರೆತದ ಶ್ರುತಿಯಿಂದಲೇ ತಜ್ಞರು ಎಂಜಿನ್ ವೇಗ ಲೆಕ್ಕ ಹಾಕುತ್ತಾರೆ. ನಮ್ಮದೋ, ಸೀಲಿಂಗ್ ಫ್ಯಾನಿನಂತೆ ಒಂದೇ ಶ್ರುತಿ.

ಇದರ ನಡುವೆ ತರಿಸಿದ ಎರಡು ಕಾಲರ್ ಮೈಕುಗಳಲ್ಲಿ ಒಂದರ ಪಿನ್ನೇ ಬೇರೆ. ಮಾರಿದವನು ಬದಲಿಸಿಕೊಡಲು ಹನ್ನೊಂದು ದಿನ ತೆಗೆದುಕೊಂಡ. ಅಷ್ಟೂ ದಿನ ಶೂಟಿಂಗ್ ಇಲ್ಲ.

ಕೊನೆಗೆ ಗೆಳೆಯನ ಓಮ್ನಿಯನ್ನು ಸಾಲಗಾಮೆ ರಸ್ತೆಯಿಂದ ಒಳಗೆ, ಲಾರಿ ಸದ್ದು ಮುಟ್ಟದ ಕಡೆ ನಿಲ್ಲಿಸಿದೆವು. ರಾತ್ರಿ ಒಂದು ಗಂಟೆ. ಗಾಜು ಏರಿಸಿ, ನಟರಿಬ್ಬರಿಗೂ ಕಾಲರ್ ಮೈಕ್ ಸಿಕ್ಕಿಸಿ, ಕನ್ನಡಿ ಪಕ್ಕ ಚಾವಣಿಗೆ ಫೋನ್ ಅಂಟಿಸಿದೆವು. ಅದೇ ನಮ್ಮ ಏರಿಯಾ ಮೈಕ್. ಹಿಂದೆ ಕಂಬಳಿ ಸುತ್ತಿದ ಬ್ಲೋಯರ್. ಅದರ ತಿರುಗುಣಿ ತಿರುವಿದಂತೆ ಮೊರೆತ ಏರುತ್ತದೆ, ಇಳಿಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದ ಕರಕರ ಸದ್ದೇ ರೆಕ್ಕೆಯ ಮಡಿಕೆಗಳನ್ನು ಇಳಿಸುವ ಫ್ಲ್ಯಾಪ್ ಲಿವರ್. ಆ ತಗಡಿನ ಗವಿಯಲ್ಲಿ ಕೂತಾಗಲೇ ಮುಂದಿನ ಚಿತ್ರ ಹೊಳೆಯಿತು: ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಸುರಂಗಗಳಲ್ಲಿ ಮಳೆಗಾಲದ ರಾತ್ರಿ ಹಳಿ ನೋಡಿಕೊಂಡು ನಡೆಯುವ ಗ್ಯಾಂಗ್‌ಮನ್. ಅದಕ್ಕೂ ಈ ಕಂಬಳಿ, ಈ ಫೋನೇ ಸಾಕು.

2010ರ ಮೇ 22ರ ಮಂಗಳೂರು ವಿಮಾನ ದುರಂತದಲ್ಲಿ ಸತ್ತವರು 158, ಉಳಿದವರು ಎಂಟೇ ಮಂದಿ. ಸಹ ಪೈಲಟ್ ಮೂರು ಸಲ 'ಗೋ ಅರೌಂಡ್', ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರು, ಎಂದದ್ದು ತನಿಖಾ ವರದಿಯಲ್ಲಿದೆ. ಓದಿದಾಗಿನಿಂದ ಅದು ನನ್ನನ್ನು ಬಿಟ್ಟಿಲ್ಲ. ಕಥೆ ನಮ್ಮದೇ ಆದರೂ ಆ ಮಾತನ್ನು ಉಳಿಸಿಕೊಂಡಿದ್ದೇನೆ. ನಿನ್ನೆ ನಮ್ಮ ನಟ ಮೂರನೇ ಸಲ ಕಿರುಚಲಿಲ್ಲ, ಗಂಟಲಲ್ಲೇ ಹೇಳಿಬಿಟ್ಟ. ಫೋನಿನಲ್ಲಿ ಬ್ಲೋಯರ್ ಮೊರೆತ ಅದನ್ನು ಪೂರ್ತಿ ನುಂಗಿತ್ತು. ಕಾಲರ್ ಮೈಕಿನ ಟ್ರ್ಯಾಕ್ ಒಂದನ್ನೇ ಹಾಕಿದೆ. ಸ್ಪಷ್ಟವಾಗಿ ಕೇಳಿತು.

ಹಾಗಾದರೆ ನಮ್ಮ ತನಿಖಾಧಿಕಾರಿಗೂ ಅದು ಮೊದಲು ಕೇಳಬಾರದು. ಕಡೆಯ ದೃಶ್ಯದಲ್ಲಿ ಆಕೆ ಚಾನೆಲ್‌ಗಳನ್ನು ಒಂದೊಂದಾಗಿ ಮುಚ್ಚುತ್ತಾ ಬರಬೇಕು. ಭಾನುವಾರ ಆ ದೃಶ್ಯವನ್ನು ಹೊಸದಾಗಿ ಬರೆಯುತ್ತೇನೆ.